ಹಾಯುವ ಹಸುವಿನ ಮಗಳು

ಪುಷ್ಯಮಾಸದ ಚಳಿ ಇನ್ನೂ ಬಿಡದ ಒಂದು ಬೆಳಗು. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ನೆರೆದಿದೆ ಎಂದಿಟ್ಟುಕೊಳ್ಳಿ. ಮರದ ನೆರಳಿನಲ್ಲಿ, ಬಯಲಿನಲ್ಲಿ, ಎಲ್ಲಿ ನೋಡಿದರೂ ಗೂಟಕ್ಕೆ ಕಟ್ಟಿದ ಎತ್ತು, ಹೋರಿ, ಹಸು, ಕಡಸು. ಕೊಳ್ಳಬಂದವನು ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಗೊರಸು ನೋಡುತ್ತಾನೆ, ಕೋಡು ನೋಡುತ್ತಾನೆ, ಮೈಮೇಲೆ ಎಲ್ಲೆಲ್ಲಿ ಸುಳಿ ಇದೆಯೆಂದು ಒಂದು ಸುತ್ತು ಬಂದು ಪರೀಕ್ಷಿಸುತ್ತಾನೆ. ಹೆಗಲ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಮುನ್ನ ಒಂದು ಮಾತು ಕೇಳುತ್ತಾನೆ:

"ಸಾಧುವೇನಪ್ಪ?"

"ಮಗು ಇದ್ದ ಹಾಗೆ, ಸ್ವಾಮಿ. ಮನೆಯ ಹೆಂಗಸರು ಮಕ್ಕಳು ಮುಟ್ಟಬಹುದು."

ಈ ಉತ್ತರವನ್ನು ನಂಬುವವನು ಹೊಸಬ. ಹತ್ತು ಜಾತ್ರೆ ಕಂಡವನು ಇನ್ನೊಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: "ಇದರ ತಾಯಿ ಹೇಗಿತ್ತು? ಒದೆಯುತ್ತಿತ್ತೆ?"

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ಮನುಷ್ಯರ ಮಟ್ಟಿಗೆ ಒಪ್ಪದವರೂ ದನದ ಮಟ್ಟಿಗೆ ಒಪ್ಪುತ್ತಾರೆ. ಹಾಯುವ ಹಸುವಿನ ಹೊಟ್ಟೆಯಲ್ಲಿ ಹುಟ್ಟಿದ ಕಡಸನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡವೆನ್ನುವವರುಂಟು. ಇದು ಬರಿಯ ಅಂಜಿಕೆಯೇ, ಅಥವಾ ಇದರಲ್ಲಿ ಹುರುಳಿದೆಯೇ? ಹಾಲು ಕೊಡುವ ಶಕ್ತಿ, ಮೈಬಣ್ಣ, ಕೋಡಿನ ಬಾಗು ಇವು ವಂಶದಿಂದ ಬರುತ್ತವೆಂಬುದು ಎಲ್ಲರಿಗೂ ಗೊತ್ತು. ಆದರೆ ಸ್ವಭಾವ? ಕೋಪವೂ ಅಂಜಿಕೆಯೂ ಸೌಮ್ಯತೆಯೂ ರಕ್ತದಲ್ಲಿ ಹರಿದುಬರುವ ವಸ್ತುಗಳೇ?

ಪಟ್ಟಣದಲ್ಲಿ ಹಾಲು ಇಂದು ಪೊಟ್ಟಣದಲ್ಲಿ ಬಾಗಿಲಿಗೆ ಬಂದು ಬೀಳುತ್ತದೆ. ಹಸುವನ್ನೇ ಮನೆಯ ಮುಂದೆ ತಂದು ನಿಲ್ಲಿಸಿ, ಗೃಹಿಣಿಯ ಕಣ್ಣೆದುರಿನಲ್ಲಿ ಕರೆದುಕೊಡುತ್ತಿದ್ದ ಕಾಲವನ್ನು ನೆನೆಯಬಲ್ಲ ಹಿರಿಯರು ಮಾತ್ರ ಈ ಪ್ರಶ್ನೆಯ ತೂಕವನ್ನು ಬಲ್ಲರು. ತುಂಬಿದ ತಂಬಿಗೆಯನ್ನು ಕೊನೆಯ ಗಳಿಗೆಯಲ್ಲಿ ಒದ್ದು ಉರುಳಿಸಿದ ಹಸುವನ್ನು ಅವರು ಮರೆತಿರಲಾರರು. ಹಳ್ಳಿಯಲ್ಲಿ ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಹೆಂಗಸರದು. ಬೆಳಗಿನ ಮಬ್ಬಿನಲ್ಲಿ ಹಸುವಿನ ಹೊಟ್ಟೆಗೆ ಹಣೆಯೊತ್ತಿ ಕುಳಿತು ಹಾಲು ಕರೆಯುವಾಕೆಗೆ ಆ ಹಸುವಿನ ಸ್ವಭಾವವೆಂಬುದು ಶಾಸ್ತ್ರಚರ್ಚೆಯಲ್ಲ, ಪಕ್ಕೆಲುಬಿನ ಪ್ರಶ್ನೆ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ಒಂದು ದೊಡ್ಡ ನಿದರ್ಶನ ಉಂಟು. ಅದು ಅಮೃತಮಹಲ್ ತಳಿ.

ಬೆಣ್ಣೆ ಚಾವಡಿಯಿಂದ ತೋಪಿನ ಗಾಡಿಗೆ

ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲು ಬೆಣ್ಣೆಗಾಗಿ ಹಸುಗಳನ್ನು ಕೂಡಿಸಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ಏರ್ಪಡಿಸಿದರು. ಮಂದೆ ಮೇಯಲು ರಾಜ್ಯದ ನಾನಾ ಭಾಗಗಳಲ್ಲಿ ಕಾವಲುಗಳನ್ನು ಬಿಟ್ಟರು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಗೆಗೆ ಒಂದು ಎಂದು ಋತುವಿಗೆ ತಕ್ಕ ಹುಲ್ಲುಗಾವಲು. ಹೈದರಾಲಿಯ ಕಾಲಕ್ಕೆ ಈ ಮಂದೆಯ ಉದ್ದೇಶವೇ ಬದಲಾಯಿತು. ಅವನಿಗೆ ಬೇಕಾದದ್ದು ಬೆಣ್ಣೆಯಲ್ಲ. ತೋಪುಗಳನ್ನು ಶತ್ರುವಿಗಿಂತ ಬೇಗ ಎಳೆದೊಯ್ಯುವ ಎತ್ತು. ಚಿದಂಬರದ ರಕ್ಷಣೆಗೆ ಅವನ ಸೈನ್ಯ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ಸೋತ ಯುದ್ಧಗಳಲ್ಲಿಯೂ ಅವನು ಶತ್ರುವಿನ ಕಣ್ಣೆದುರಿನಿಂದಲೇ ತೋಪುಗಳನ್ನು ಹಿಂದಕ್ಕೆ ಸಾಗಿಸಿಕೊಂಡು ಹೋಗುತ್ತಿದ್ದನಂತೆ. ಟೀಪೂ ಸುಲ್ತಾನನು ಇಲಾಖೆಗೆ 'ಅಮೃತಮಹಲ್' ಎಂದು ಹೆಸರಿಟ್ಟನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲರು ಈ ಎತ್ತುಗಳಿಗೆ ಮಾರುಹೋದರು. ಸೈನಿಕರ ನಡಿಗೆಗಿಂತ ವೇಗವಾಗಿ ನಡೆಯುವ ಈ ದನಗಳನ್ನು ಅವರ ಅಧಿಕಾರಿಗಳು ಕುದುರೆಗಳಲ್ಲಿ ಅರಬ್ಬೀ ಕುದುರೆಯ ಸ್ಥಾನದಲ್ಲಿಟ್ಟು ಹೊಗಳಿದ್ದಾರೆ.

ಅದೇ ಹೊಗಳಿಕೆಯ ಜೊತೆಜೊತೆಗೆ ದಾಖಲೆಗಳಲ್ಲಿ ಇನ್ನೊಂದು ಮಾತೂ ಬರುತ್ತದೆ: ಬೆಂಕಿಯಂಥ ದನ, ಪರಿಚಯವಿಲ್ಲದವರು ಹತ್ತಿರ ಸುಳಿಯುವಂತಿಲ್ಲ. ಮಂದೆ ವರ್ಷವಿಡೀ ಕಾವಲಿನಲ್ಲಿಯೇ. ಹಸುಗಳನ್ನು ಕರೆಯುವಂತಿಲ್ಲ, ಹಾಲೆಲ್ಲ ಕರುವಿಗೆ. ಗೋವಳನನ್ನು ಬಿಟ್ಟರೆ ಅವು ಮನುಷ್ಯನ ಮುಖ ಕಾಣುತ್ತಿದ್ದುದೇ ಅಪರೂಪ. ಹೋರಿಗಳನ್ನು ಪಳಗಿಸುವುದೆಂದರೆ ಆನೆ ಪಳಗಿಸುವುದರ ತಮ್ಮನಂಥ ಕೆಲಸ. ಸಾಧು ದನಗಳ ನಡುವೆ ಸೇರಿಸಿ ದೊಡ್ಡಿಗೆ ಹೊಡೆದು, ಉರುಳು ಹಾಕಿ ಹಿಡಿದು, ಬಲವಾದ ಕಂಬಕ್ಕೆ ಕಟ್ಟಿ, ಹಸಿವು ಆಯಾಸಗಳಿಂದ ಮೆತ್ತಗಾದ ಮೇಲೆ ಹಳೆಯ ಎತ್ತೊಂದಕ್ಕೆ ಜೊತೆಮಾಡಿ ಅಡ್ಡಾಡಿಸಬೇಕು.

ಈಗ ಪ್ರಶ್ನೆ: ಈ ಬೆಂಕಿ ರಕ್ತದಲ್ಲಿದ್ದುದೇ, ಕಾವಲಿನಲ್ಲಿದ್ದುದೇ?

ಅಮೃತಮಹಲ್ ಬೇರೆಲ್ಲಿಂದಲೋ ಉದುರಿದ ತಳಿಯಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳನ್ನು ಆರಿಸಿ ಕೂಡಿಸಿ ಬೆಳೆಸಿದ್ದು. ಅದರ ಮುಖ್ಯ ಬೇರು ಹಳ್ಳಿಕಾರ್. ಅದೇ ಹಳ್ಳಿಕಾರ್ ಮಂಡ್ಯ, ತುಮಕೂರು, ಹಾಸನಗಳ ರೈತನ ಹಟ್ಟಿಯಲ್ಲಿ ಬೆಳೆದಾಗ ಚುರುಕಾಗಿರುತ್ತದೆ ನಿಜ, ಆದರೆ ಮನೆಯ ಹುಡುಗ ಹಗ್ಗ ಹಿಡಿದರೆ ಹಿಂದೆ ಬರುತ್ತದೆ. ಹುಟ್ಟಿದ ದಿನದಿಂದ ಅದು ಮನುಷ್ಯರ ಕೈಯಲ್ಲಿ ಮೈತೊಳೆಸಿಕೊಂಡು, ಮನೆಯ ಮಾತು ಕೇಳಿ ಬೆಳೆದದ್ದು. ಒಂದೇ ಬೇರಿನ ಎರಡು ಕೊಂಬೆ. ಒಂದು ಕಾವಲಿನಲ್ಲಿ, ಒಂದು ಹಟ್ಟಿಯಲ್ಲಿ. ಇಷ್ಟನ್ನೇ ನೋಡಿದವನು ಸ್ವಭಾವವೆಲ್ಲ ಸಾಕಣೆಯದೆಂದು ತೀರ್ಪು ಕೊಟ್ಟುಬಿಡಬಹುದು. ಆದರೆ ಹಾಗೆ ಹೇಳಲು ಇನ್ನೊಂದು ಪರೀಕ್ಷೆ ಆಗಬೇಕು: ಒಂದೇ ಕಾವಲಿನಲ್ಲಿ, ಒಂದೇ ಕೈಯಲ್ಲಿ, ಬೇರೆ ಬೇರೆ ರಕ್ತದ ಕರುಗಳನ್ನು ಬೆಳೆಸಿ ನೋಡಬೇಕು. ಆ ಪರೀಕ್ಷೆ ನಡೆದದ್ದು ಬಹುದೂರದಲ್ಲಿ, ಆಸ್ಟ್ರೇಲಿಯಾದ ಬಿಸಿಲು ನಾಡಿನಲ್ಲಿ.

ಒಂದು ಬಾಗಿಲು, ಎರಡು ಬೆಳಕಿನ ಎಳೆ

ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಮಾಂಸಕ್ಕಾಗಿ ದನ ಸಾಕುತ್ತಾರೆ. ಬಿಸಿಲನ್ನೂ ಉಣ್ಣೆಯನ್ನೂ ತಾಳಲಾರದ ಇಂಗ್ಲಿಷ್ ದನಗಳಿಗೆ ಬದಲಾಗಿ ಅಲ್ಲಿಯ ಜನ ಭಾರತದ ಗೂನುಬೆನ್ನಿನ ದನದ ರಕ್ತವನ್ನು ತರಿಸಿಕೊಂಡರು. ಅದು ಬಂದದ್ದು ಬಹುಮಟ್ಟಿಗೆ ಅಮೆರಿಕದ 'ಬ್ರಾಹ್ಮನ್' ತಳಿಯ ಮೂಲಕ. ಗೀರ್, ಕಾಂಕ್ರೇಜ್, ನೆಲ್ಲೂರು ದನಗಳ ಜೊತೆಗೆ ಕರ್ನಾಟಕ-ಮಹಾರಾಷ್ಟ್ರಗಳ ಕೃಷ್ಣಾ ಕಣಿವೆಯ ದನದ ರಕ್ತವೂ ಆ ತಳಿಯಲ್ಲಿ ಬೆರೆತಿದೆ. ಬಿಸಿಲೇನೋ ತಾಳಿತು. ಆದರೆ ಒಂದು ದೂರು ಎಲ್ಲೆಡೆ ಕೇಳಿಬಂತು: ಈ ದನ ಬೆದರುತ್ತದೆ, ಬೇಲಿ ಹಾರುತ್ತದೆ, ಮೈಮೇಲೆ ಬರುತ್ತದೆ.

ಕ್ವೀನ್ಸ್‌ಲೆಂಡಿನ ರಾಕ್‌ಹ್ಯಾಂಪ್ಟನ್ ಬಳಿ ಸಂಶೋಧನೆ ನಡೆಸುತ್ತಿದ್ದ ಹೆದರ್ ಬರ್ರೋ ಮತ್ತು ಸಹೋದ್ಯೋಗಿಗಳು 1988ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ತೂಕ ನೋಡಲೋ ಔಷಧ ಹಾಕಲೋ ದನವನ್ನು ಅಲುಗಾಡದಂತೆ ನಿಲ್ಲಿಸುವ ಇಕ್ಕಟ್ಟಾದ ಕಂಬಿಗೂಡು ಅಲ್ಲಿಯ ಪ್ರತಿ ಸಾಕಣೆಯಲ್ಲಿಯೂ ಉಂಟು. ಗೂಡಿನ ಬಾಗಿಲು ತೆರೆದಾಗ ದನ ಹೊರಬರುವ ದಾರಿಯಲ್ಲಿ, ಎರಡು ಮೀಟರಿಗೂ ಕಡಮೆ ಅಂತರದಲ್ಲಿ, ಎರಡು ಬೆಳಕಿನ ಎಳೆಗಳನ್ನು ಅಡ್ಡಲಾಗಿ ಹಾಯಿಸಿದರು. ಮೊದಲ ಎಳೆ ಕಡಿದಾಗ ಗಡಿಯಾರ ನಡೆಯತೊಡಗುತ್ತದೆ. ಎರಡನೆಯದು ಕಡಿದಾಗ ನಿಲ್ಲುತ್ತದೆ. ಸಾಧು ಕರು ಅತ್ತಿತ್ತ ನೋಡಿಕೊಂಡು ನಡೆದುಹೋಗುತ್ತದೆ. ಬೆದರುವ ಕರು ಬಿಟ್ಟ ಬಾಣದಂತೆ ನೆಗೆಯುತ್ತದೆ. ದನದ ಮನಸ್ಸು ಹೀಗೆ ಅಂಕಿಯಾಯಿತು. ನೋಡುವವನ ಮೆಚ್ಚುಗೆ ಮುನಿಸುಗಳಿಗೆ ಅದರಲ್ಲಿ ಎಡೆಯಿಲ್ಲ.

ಒಂದೇ ಬಯಲಿನಲ್ಲಿ ಬೆಳೆದ ಸಾವಿರಾರು ಕರುಗಳನ್ನು ಹೀಗೆ ಅಳೆದು, ಯಾವ ಹೋರಿಯ ಮಕ್ಕಳು ಹೇಗೆ ಓಡುತ್ತವೆಂದು ಲೆಕ್ಕ ಹಾಕಿದಾಗ ಜಾತ್ರೆಯ ಮುದುಕನ ಮಾತಿಗೆ ಸಾಕ್ಷಿ ಸಿಕ್ಕಿತು. ಕೆಲವು ಹೋರಿಗಳ ಮಕ್ಕಳು ಮತ್ತೆ ಮತ್ತೆ ನಿಧಾನಿಗಳು. ಕೆಲವರ ಮಕ್ಕಳು ಮತ್ತೆ ಮತ್ತೆ ಓಟಗಾರರು. ಇಂಥ ಅಧ್ಯಯನಗಳು ಬೇರೆ ಬೇರೆ ದೇಶಗಳಲ್ಲಿ ನಡೆದು, ಮಾಂಸದ ತಳಿಗಳಲ್ಲಿ ಸ್ವಭಾವದ ಅನುವಂಶೀಯತೆ ಸುಮಾರಾಗಿ ನೂರಕ್ಕೆ 20ರಿಂದ 40ರ ನಡುವೆ ಎಂದು ಹೇಳುತ್ತವೆ.

ಈ ಅಂಕಿಯನ್ನು ತಪ್ಪಾಗಿ ತಿಳಿಯುವುದು ಸುಲಭ. ಒಂದು ಹಸುವಿನ ಕೋಪವನ್ನು ಸೇರಿನಲ್ಲಿ ಅಳೆದು, ಅದರಲ್ಲಿ ಮೂರರಲ್ಲೊಂದು ಪಾಲು ತಂದೆತಾಯಿಗಳದು, ಮಿಕ್ಕದ್ದು ಅದರ ಸ್ವಂತದ್ದು ಎಂದು ಇದರ ಅರ್ಥವಲ್ಲ. ಒಂದು ಮಂದೆಯಲ್ಲಿ ದನಕ್ಕೂ ದನಕ್ಕೂ ಸ್ವಭಾವದಲ್ಲಿ ಕಾಣುವ ವ್ಯತ್ಯಾಸವಿದೆಯಲ್ಲ, ಆ ವ್ಯತ್ಯಾಸದಲ್ಲಿ ಇಷ್ಟು ಪಾಲು ರಕ್ತಭೇದದಿಂದ ಬಂದದ್ದು ಎಂದಷ್ಟೇ. ಉಳಿದ ಪಾಲು ಸಾಕಿದ ಕೈ, ಕಂಡ ಭಯ, ತಿಂದ ಪೆಟ್ಟು ಇವುಗಳದು. ಹೋಲಿಕೆಗೆ ಹೇಳುವುದಾದರೆ, ಹಸುವಿನ ಹಾಲಿನ ಪ್ರಮಾಣದ ಅನುವಂಶೀಯತೆಯೂ ನೂರಕ್ಕೆ 25-30ರ ಆಸುಪಾಸಿನಲ್ಲಿಯೇ ಇದೆ. ಹೋರಿಯನ್ನು ಆರಿಸುವಾಗ ಅದರ ತಾಯಿ ಎಷ್ಟು ಲೀಟರು ಕೊಡುತ್ತಿತ್ತೆಂದು ಕೇಳದವರಿಲ್ಲ. ತಾಯಿಯ ಗುಣ ಹೇಗಿತ್ತೆಂದು ಕೇಳುವುದೂ ಅಷ್ಟೇ ವಿವೇಕದ ಮಾತೆಂದಾಯಿತು.

ಫ್ರಾನ್ಸಿನಲ್ಲಿ ಲಿಮೂಸಿನ್ ಎಂಬ ಮಾಂಸದ ತಳಿ ಉಂಟು. 1995ರಲ್ಲಿ ಪ್ರಕಟವಾದ ಅಲ್ಲಿಯ ಒಂದು ಅಧ್ಯಯನದಲ್ಲಿ ಸುಮಾರು 900 ಕಡಸುಗಳನ್ನು ಪರೀಕ್ಷಿಸಿದರು. ಕಡಸನ್ನು ಒಂಟಿಯಾಗಿ ಆವರಣಕ್ಕೆ ಬಿಟ್ಟು, ಒಬ್ಬ ಮನುಷ್ಯ ಅದನ್ನು ಮೂಲೆಗೆ ಸರಿಸಿ ಅರೆ ನಿಮಿಷ ಅಲ್ಲಿಯೇ ನಿಲ್ಲಿಸಿಕೊಳ್ಳಬೇಕು, ಸಾಧ್ಯವಾದರೆ ಮೈಮುಟ್ಟಬೇಕು. ಕೆಲವು ಹೋರಿಗಳ ಹೆಣ್ಣುಮಕ್ಕಳು ಇದಕ್ಕೆ ಒಪ್ಪಿದವು, ಕೆಲವರ ಮಕ್ಕಳು ಪರೀಕ್ಷಕನನ್ನೇ ಬೇಲಿ ಹತ್ತಿಸಿದವು. ಅಮೆರಿಕದಲ್ಲಿ ಇದೇ ತಳಿಯ ಸಾಕಣೆಗಾರರು 1990ರ ದಶಕದಲ್ಲಿ ಕರುಗಳ ಸ್ವಭಾವಕ್ಕೆ ಒಂದರಿಂದ ಆರರವರೆಗೆ ಅಂಕ ಹಾಕಿ, ಹೋರಿಗಳ ಪಟ್ಟಿಯಲ್ಲಿ ತೂಕ, ಬೆಳವಣಿಗೆಗಳ ಸಾಲಿನಲ್ಲಿ ಸಾಧುತನಕ್ಕೂ ಒಂದು ಅಂಕಣ ತೆರೆದರು. ಮುಂಗೋಪಿ ಎಂದು ಹೆಸರು ಕೆಡಿಸಿಕೊಂಡಿದ್ದ ತಳಿ ಕೆಲವೇ ತಲೆಮಾರುಗಳಲ್ಲಿ ಗುರುತು ಸಿಗುವಷ್ಟು ಮೆತ್ತಗಾಯಿತು.

ದಯೆಯೊಂದೇ ಅವರನ್ನು ಈ ಕೆಲಸಕ್ಕೆ ಹಚ್ಚಿತೆಂದು ಹೇಳಲಾಗದು. ಬೆದರುವ ದನ ಮೈಹತ್ತುವುದಿಲ್ಲವೆಂದು ಕೊಲರಾಡೋದಲ್ಲಿ 1997ರ ಒಂದು ಅಧ್ಯಯನ ತೋರಿಸಿತು. ಅದರ ಮಾಂಸವೂ ಗಡುಸು. ಹಣದ ಚೀಲ ಹಗುರಾದಾಗ ಮನುಷ್ಯನಿಗೆ ದನದ ಮನಸ್ಸಿನ ಮೇಲೆ ಆಸಕ್ತಿ ಹುಟ್ಟುವುದು ಸಹಜವೇ.

ಬೆಕ್ಕು, ಕಾಗದದ ಚೀಲ, ಮತ್ತು ಸೊರೆ

ಹಾಲಿನ ಹಸುವಿನ ಕಥೆ ಸ್ವಲ್ಪ ಬೇರೆ. ಇಲ್ಲಿ ಲೆಕ್ಕಕ್ಕೆ ಬರುವುದು ಓಟವಲ್ಲ. ಕೆಚ್ಚಲಿಗೆ ಕೈ ಹಾಕಿದಾಗ ಹಸು ಸುಮ್ಮನೆ ನಿಂತು ಸೊರೆ ಬಿಡುತ್ತದೆಯೇ ಎಂಬುದು. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ನಡೆಸಿದ ಪ್ರಯೋಗವನ್ನು ಓದಿದವರು ನಗದಿರಲಾರರು. ಕರೆಯಲು ನಿಂತ ಹಸುವಿನ ಬೆನ್ನ ಮೇಲೆ ಅವರು ಒಂದು ಬೆಕ್ಕನ್ನು ಕೂರಿಸಿದರು. ಸಾಲದೆಂದು ಪಕ್ಕದಲ್ಲಿ ಕಾಗದದ ಚೀಲಗಳನ್ನು ಊದಿ ಢಮ್ಮೆಂದು ಒಡೆಯುತ್ತ ಹೋದರು. ಹಸು ಹಾಲನ್ನು ಮೇಲೆಳೆದುಕೊಂಡಿತು. ಬೆದರಿದ ಮೈಯಲ್ಲಿ ಹರಿಯುವ ಅಡ್ರಿನಲಿನ್ ರಸವು, ಸೊರೆ ಬಿಡಿಸುವ ಆಕ್ಸಿಟೋಸಿನ್ ರಸದ ಕೆಲಸಕ್ಕೆ ಅಡ್ಡಬರುತ್ತದೆ ಎಂಬ ತಿಳಿವಳಿಕೆಗೆ ಈ ಬೆಕ್ಕು ಬುನಾದಿ ಹಾಕಿತು. ಹಾಲು ಕರೆಯುವಾಗ ಅಪರಿಚಿತರನ್ನು ಕೊಟ್ಟಿಗೆಗೆ ಬಿಡದ ಅಜ್ಜಿಯರು ಬೆಕ್ಕಿನ ಸಹಾಯವಿಲ್ಲದೆಯೇ ಇದನ್ನು ತಿಳಿದಿದ್ದರು.

ನಾಟಿ ಹಸು ಕರು ಬಾಯಿ ಹಾಕದೆ ಸೊರೆ ಬಿಡದು. ಕರು ಸತ್ತರೆ ಹಾಲೂ ಬತ್ತಿತು. ಅದಕ್ಕಾಗಿ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದುದುಂಟು. ಯೂರೋಪಿನ ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಹಸುವಾದರೋ ಕರುವಿನ ಮುಖ ಕಾಣದೆ, ಯಂತ್ರದ ರಬ್ಬರು ಬಟ್ಟಲಿಗೆ ಹಾಲು ಸುರಿಸುತ್ತದೆ. ತಲೆಮಾರು ತಲೆಮಾರುಗಳಿಂದ, ಹಾಗೆ ಸುರಿಸಿದವುಗಳನ್ನು ಉಳಿಸಿಕೊಂಡು, ಸುರಿಸದವುಗಳನ್ನು ಸಾಗಹಾಕಿದ ಫಲ ಇದು. ಅದನ್ನು ಗುಣವೆನ್ನಬೇಕೋ ಮರೆವೆನ್ನಬೇಕೋ ಎಂಬುದನ್ನು ತಾಯಂದಿರು ನಿರ್ಧರಿಸಲಿ.

ಹಾಲಿನ ತಳಿಗಳಲ್ಲಿ ಸ್ವಭಾವವನ್ನು ಅಳೆಯಲು ಕೃತಕ ಗರ್ಭಧಾರಣೆ ದೊಡ್ಡ ಅನುಕೂಲ ಮಾಡಿಕೊಟ್ಟಿತು. ಒಂದೇ ಹೋರಿಯ ಹೆಣ್ಣುಮಕ್ಕಳು ನೂರಾರು ಕೊಟ್ಟಿಗೆಗಳಲ್ಲಿ, ನೂರಾರು ಕೈಗಳಲ್ಲಿ ಬೆಳೆಯುತ್ತವೆ. ಒಬ್ಬ ಸೌಮ್ಯ, ಇನ್ನೊಬ್ಬ ಮುಂಗೋಪಿ, ಮತ್ತೊಬ್ಬ ಸೋಮಾರಿ. ಸಾಕುವವರ ಗುಣಗಳೆಲ್ಲ ಒಂದರಲ್ಲೊಂದು ಕರಗಿ, ಕೊನೆಗೆ ಉಳಿಯುವುದು ತಂದೆಯ ಪಾಲು. ನ್ಯೂಜಿಲೆಂಡಿನಲ್ಲಿ ಮೊದಲ ಸಲ ಕರುಹಾಕಿದ ಹಸು ಕರೆಯುವ ಮನೆಗೆ ಎಷ್ಟು ಬೇಗ ಒಗ್ಗಿತು, ಅಲ್ಲಿ ಹೇಗೆ ನಡೆದುಕೊಂಡಿತು ಎಂಬುದಕ್ಕೆ ಸಾಕಿದವನೇ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುತ್ತಾನೆ. ಆ ಅಂಕಗಳು ಹೋರಿಯ ಜಾತಕಕ್ಕೆ ಸೇರುತ್ತವೆ. ಹಾಲಿನ ಹಸುಗಳಲ್ಲಿ ಅನುವಂಶೀಯತೆಯ ಅಂಕಿ ಮಾಂಸದ ತಳಿಗಳಿಗಿಂತ ಸಾಮಾನ್ಯವಾಗಿ ಕಡಮೆ. ದಿನಕ್ಕೆ ಎರಡು ಸಲ ಮನುಷ್ಯನ ಕೈ ತಾಗುವ ಪ್ರಾಣಿಯಲ್ಲಿ ಆ ಕೈಯ ಪಾಲು ಹೆಚ್ಚಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಸುಳಿಯಲ್ಲಿ ಏನಿದೆ?

ಜಾತ್ರೆಯಲ್ಲಿ ಸುಳಿ ನೋಡುವ ಮುದುಕನನ್ನು ಓದಿದವರು ಗೇಲಿ ಮಾಡುವುದುಂಟು. ಇಂಥ ಕಡೆ ಸುಳಿಯಿದ್ದರೆ ಯಜಮಾನನಿಗೆ ಕೇಡು, ಇಂಥ ಕಡೆಯಿದ್ದರೆ ಐಶ್ವರ್ಯ ಎಂಬ ಶಾಸ್ತ್ರಕ್ಕೆ ಆಧಾರವೇನೂ ಇಲ್ಲ. ಒಳ್ಳೆಯ ದನ ಸುಳಿಯ ದೋಷದಿಂದ ಕಡಮೆ ಬೆಲೆಗೆ ಹೋದದ್ದೂ ಎಷ್ಟೋ. ಹಾಗಿದ್ದರೂ, 1995ರಲ್ಲಿ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ವಿದುಷಿ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಫಲಿತಾಂಶ ಕುತೂಹಲದ್ದು. ಸುಮಾರು ಒಂದೂವರೆ ಸಾವಿರ ದನಗಳ ಹಣೆಯ ಸುಳಿಯನ್ನು ಗುರುತುಹಾಕಿ, ಕಂಬಿಗೂಡಿನಲ್ಲಿ ಅವುಗಳ ವರ್ತನೆಯನ್ನು ನೋಡಿದಾಗ, ಕಣ್ಣಿನ ಮಟ್ಟಕ್ಕಿಂತ ಮೇಲೆ ಸುಳಿಯಿದ್ದ ದನಗಳು ಕೆಳಗಿದ್ದವುಗಳಿಗಿಂತ ಹೆಚ್ಚು ಒದ್ದಾಡಿದವು. ಚರ್ಮವೂ ನರಮಂಡಲವೂ ಭ್ರೂಣದ ಒಂದೇ ಪದರದಿಂದ ರೂಪುಗೊಳ್ಳುತ್ತವಾದ್ದರಿಂದ ಒಂದರ ಗುರುತು ಇನ್ನೊಂದರ ಮೇಲೆ ಬೀಳಬಹುದೆಂಬುದು ಅವರ ಊಹೆ. ಮುಂದೆ ಇತರರು ನಡೆಸಿದ ಅಧ್ಯಯನಗಳಲ್ಲಿ ಕೆಲವು ಇದನ್ನು ಅನುಮೋದಿಸಿದವು, ಕೆಲವು ಅನುಮೋದಿಸಲಿಲ್ಲ. ಆದ್ದರಿಂದ ಸುಳಿಯನ್ನು ನಂಬಿ ಹಸು ಕೊಳ್ಳುವುದು ಇನ್ನೂ ಧೈರ್ಯದ ಕೆಲಸವೇ.

ಗ್ರ್ಯಾಂಡಿನ್ ಒತ್ತಿಹೇಳಿದ ಇನ್ನೊಂದು ಮಾತು ಇದಕ್ಕಿಂತ ಬೆಲೆಯುಳ್ಳದ್ದು. ಕಂಬಿಗೂಡಿನಲ್ಲಿ ಒದ್ದಾಡುವ ದನ ಕೋಪಿಷ್ಠವಲ್ಲ, ಅದು ಹೆದರಿದೆ. ಜನರು 'ಹಾಯುವ ಗುಣ' ಎಂಬ ಒಂದೇ ಹೆಸರಿನಲ್ಲಿ ಕರೆಯುವುದು ನಿಜಕ್ಕೂ ಬೇರೆ ಬೇರೆ ವಿಷಯಗಳು. ಹೊಸದನ್ನು ಕಂಡು ಬೆದರುವುದು ಒಂದು. ಎಳಗರುವಿನ ಬಳಿ ಬಂದವರ ಮೇಲೆ ತಾಯಿ ಏರಿಬರುವುದು ಇನ್ನೊಂದು. ವರ್ಷವೆಲ್ಲ ಸಾಧುವಾಗಿದ್ದ ಹಸುವೂ ಕರು ಹಾಕಿದ ವಾರದಲ್ಲಿ ದುರ್ಗಿಯಾಗಬಹುದು. ಪ್ರಾಯದ ಹೋರಿ ಮನುಷ್ಯನನ್ನು ತನ್ನ ಎದುರಾಳಿಯೆಂದು ಬಗೆದು ಕಾಲು ಕೆರೆಯುವುದು ಮೂರನೆಯದು. ವಂಶದ ಪಾಲು ಮೂರರಲ್ಲಿಯೂ ಉಂಟು, ಮದ್ದು ಮಾತ್ರ ಬೇರೆ ಬೇರೆ. ಹೆದರಿದ ದನಕ್ಕೆ ಹೊಡೆದು ಬುದ್ಧಿ ಕಲಿಸಹೊರಟರೆ, ಹೆದರಲು ಅದಕ್ಕೊಂದು ಕಾರಣ ಒದಗಿಸಿದಂತಾಯಿತು. ಕಳ್ಳತನವಿಲ್ಲದ ಊರಿನಲ್ಲಿ ಪೊಲೀಸು ಠಾಣೆ ತೆರೆದು ಕಳ್ಳರನ್ನು ಹುಟ್ಟಿಸಿದ ಹಾಗೆ.

ಬೆದರುವ ಗುಣವನ್ನು ಹೊತ್ತ ವಂಶವಾಹಿ ಇಂಥದೇ ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಅದು ಹಲವು ವರ್ಣತಂತುಗಳಲ್ಲಿ, ಚೂರು ಚೂರಾಗಿ ಹರಡಿಕೊಂಡಿದೆ. ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದವರು ಸಾವಿರಾರು ಬ್ರಾಹ್ಮನ್ ದನಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದನದ ಸ್ವಭಾವಕ್ಕೆ ಸಂಬಂಧಪಟ್ಟ ವಂಶವಾಹಿಗಳಲ್ಲಿ ಕೆಲವು, ಮನುಷ್ಯರಲ್ಲಿ ಆಟಿಸಂ ಮೊದಲಾದ ಮನಃಸ್ಥಿತಿಗಳ ಜೊತೆ ತಳಕುಹಾಕಿಕೊಂಡವೇ ಆಗಿವೆ. ಕಂಬಿಗೂಡಿನಿಂದ ನೆಗೆದೋಡುವ ಕರುವೂ ಜನಜಂಗುಳಿಯಲ್ಲಿ ಕಿವಿ ಮುಚ್ಚಿಕೊಳ್ಳುವ ಮಗುವೂ ದೂರದ ನೆಂಟರೆಂದು ತಿಳಿದಾಗ ನಗು ಬರುವುದಿಲ್ಲ.

ಬೇಕೆಂದೇ ಬೆಳೆಸಿದ ಬೆಂಕಿ

ಎಲ್ಲರೂ ಸಾಧುತನವನ್ನೇ ಬೆಳೆಸಿದರೆಂದಲ್ಲ. ಸ್ಪೇನಿನಲ್ಲಿ ಗೂಳಿಕಾಳಗಕ್ಕೆಂದೇ ತಳಿಯೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಕಾಳಗದ ಹೋರಿ ಅಂಗಳಕ್ಕೆ ಇಳಿಯುವ ತನಕ ನೆಲದ ಮೇಲೆ ನಿಂತ ಮನುಷ್ಯನೊಡನೆ ಸೆಣಸಿರಬಾರದು. ಆದ್ದರಿಂದ ಅದನ್ನು ಮುಂಚಿತವಾಗಿ ಪರೀಕ್ಷಿಸುವಂತಿಲ್ಲ. ಅವರು ಪರೀಕ್ಷಿಸುವುದು ಕಡಸುಗಳನ್ನು. ಚಿಕ್ಕ ಅಂಗಳದಲ್ಲಿ ಕುದುರೆ ಸವಾರನ ಎದುರು ಬಿಟ್ಟಾಗ ಈಟಿಯ ಮೊನೆ ತಾಗಿದರೂ ಹಿಂಜರಿಯದೆ ಮತ್ತೆ ಮತ್ತೆ ಏರಿಬಂದ ಕಡಸು ಮುಂದೆ ತಾಯಿಯಾಗುತ್ತದೆ. ಹಿಂದೆ ಸರಿದದ್ದು ಕಸಾಯಿಖಾನೆಗೆ. ಹೋರಿಗೆ ಧೈರ್ಯ ತಾಯಿಯಿಂದ ಬರುತ್ತದೆಂಬುದು ಅಲ್ಲಿಯವರ ಹಳೆಯ ನಂಬಿಕೆ. ಘಾಟಿಯ ಜಾತ್ರೆಯಲ್ಲಿ 'ತಾಯಿ ಹೇಗಿತ್ತು' ಎಂದು ಕೇಳುವವನೂ ಸ್ಪೇನಿನ ಸಾಕಣೆಗಾರನೂ ಕೇಳುವ ಪ್ರಶ್ನೆ ಒಂದೇ. ಬಯಸುವ ಉತ್ತರ ಮಾತ್ರ ತಿರುಗುಮುರುಗು. ವಿಜ್ಞಾನದ ಲೆಕ್ಕ ಇಷ್ಟನ್ನು ತಿದ್ದಿದೆ: ತಂದೆಯ ಪಾಲೂ ತಾಯಿಯ ಪಾಲಿನಷ್ಟೇ.

ಆ ಬೆಂಕಿಯನ್ನು ಬೇರೆಡೆಗೆ ಕೊಂಡೊಯ್ದರೆ ಏನಾದೀತು? ಸಾಕುದನಗಳ ಪೂರ್ವಜವಾದ ಕಾಡುದನ 1627ರಲ್ಲಿ ಪೋಲೆಂಡಿನ ಕಾಡೊಂದರಲ್ಲಿ ಅಳಿದುಹೋಯಿತು. 1920-30ರ ದಶಕಗಳಲ್ಲಿ ಜರ್ಮನಿಯ ಹೆಕ್ ಸಹೋದರರು ಅದನ್ನು ಮತ್ತೆ ಸೃಷ್ಟಿಸುವೆವೆಂದು ಹಲವು ತಳಿಗಳನ್ನು ಬೆರೆಸಿದರು. ಸ್ಪೇನಿನ ಕಾಳಗದ ದನವೂ ಅದರಲ್ಲಿ ಸೇರಿತ್ತು. ಹೀಗೆ ಹುಟ್ಟಿದ ಹೆಕ್ ದನಗಳಲ್ಲಿ 13ನ್ನು 2009ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ರೈತನೊಬ್ಬ ತರಿಸಿಕೊಂಡ. ಕೆಲವೇ ವರ್ಷಗಳಲ್ಲಿ, ಕಂಡವರನ್ನೆಲ್ಲ ಕೊಲ್ಲಲು ಬರುತ್ತಿದ್ದವುಗಳನ್ನು ಬೇರ್ಪಡಿಸಿ ಕಸಾಯಿಖಾನೆಗೆ ಕಳಿಸಬೇಕಾಯಿತು. ಉಳಿದವು ಮೇಯುತ್ತಿದ್ದ ಹುಲ್ಲೂ ಅದೇ, ಕಾಯುತ್ತಿದ್ದವನೂ ಅವನೇ.

ಹೀಗೆಂದು ಸಾಕಣೆಯ ಪಾಲನ್ನು ಹಗುರ ಮಾಡುವಂತಿಲ್ಲ. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಾಧುತನಕ್ಕೆ ಹೆಸರಾದ ಹಿಯರ್‌ಫರ್ಡ್ ತಳಿಯ ಗಂಡುಕರುಗಳನ್ನು ಹುಟ್ಟಿದ ಎರಡು ಮೂರು ದಿನಗಳಲ್ಲಿಯೇ ತಾಯಿಯಿಂದ ಬಿಡಿಸಿ ಎರಡು ಬಗೆಯಾಗಿ ಬೆಳೆಸಿದರು. ಕೆಲವನ್ನು ಒಂದೊಂದಾಗಿ ಪ್ರತ್ಯೇಕ ಗೂಡಿನಲ್ಲಿ, ಕೆಲವನ್ನು ಗುಂಪಿನಲ್ಲಿ. ಹಾಲು ಕುಡಿಸಿದ ಕೈ ಎರಡಕ್ಕೂ ಮನುಷ್ಯನದೇ. ಬೆಳೆದ ಮೇಲೆ ಒಂಟಿಯಾಗಿ ಬೆಳೆದ ಹೋರಿಗಳಲ್ಲಿ ನೂರಕ್ಕೆ 75 ಮನುಷ್ಯರ ಮೇಲೆ ಬೆದರಿಕೆ ತೋರಿದವು. ಗುಂಪಿನಲ್ಲಿ ಬೆಳೆದವುಗಳಲ್ಲಿ 11 ಮಾತ್ರ. ಕಾರಣ ಯೋಚಿಸಿದರೆ ಕರುಣೆ ಹುಟ್ಟುತ್ತದೆ. ಒಂಟಿ ಕರುವಿಗೆ ಸಂಗಾತಿಯೆಂದರೆ ಮನುಷ್ಯನೊಬ್ಬನೇ. ಅದಕ್ಕೆ ತಾನು ದನವೆಂಬುದೇ ತಿಳಿದಿಲ್ಲ. ಪ್ರಾಯಕ್ಕೆ ಬಂದು ಯಾರೊಡನಾದರೂ ಕೋಡು ತಾಗಿಸಿ ಬಲ ನೋಡಬೇಕೆನಿಸಿದಾಗ ಅದು ಹುಡುಕುವುದು ತನ್ನ ಬಳಗದವನನ್ನೇ. ಕರುವಾಗಿದ್ದಾಗ ಹಣೆ ಕೊಟ್ಟು ಗುದ್ದಾಟವಾಡಿಸಿ ನಕ್ಕ ಮನೆಯ ಮಕ್ಕಳು, ಮೂರು ವರ್ಷದ ಮೇಲೆ ಅದೇ ಆಟಕ್ಕೆ ಅದು ಕರೆದಾಗ ಓಡಬೇಕಾಗುತ್ತದೆ. ಹಾಲಿನ ತಳಿಯ ಹೋರಿಗಳು ಲೋಕದಾದ್ಯಂತ ಅಪಾಯಕಾರಿ ಎನಿಸಿಕೊಂಡಿರುವುದಕ್ಕೆ, ಅವುಗಳ ರಕ್ತದಷ್ಟೇ ಈ ಒಂಟಿ ಬಾಲ್ಯವೂ ಕಾರಣವೆಂದು ತಿಳಿದವರು ಹೇಳುತ್ತಾರೆ.

ಅಜ್ಜಂಪುರದ ಹರಾಜು

ಮತ್ತೆ ಅಮೃತಮಹಲ್ಲಿಗೆ ಬರಬೇಕು. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಈ ಮಂದೆಯನ್ನು ಬರಖಾಸ್ತು ಮಾಡಿ ದನಗಳನ್ನು ಮಾರಿಸಿಬಿಟ್ಟ. ಈಜಿಪ್ಟಿನ ಪಾಷಾ ಸಹ ಕೊಂಡವರಲ್ಲಿ ಒಬ್ಬ. ಸೈನ್ಯಕ್ಕೆ ಎತ್ತು ಸಿಗದೆ ಪರದಾಡಿದ ಮೇಲೆ, ಕೆಲವೇ ವರ್ಷಗಳಲ್ಲಿ ಚದುರಿದ ರಕ್ತವನ್ನು ಮತ್ತೆ ಕೂಡಿಸಬೇಕಾಯಿತು. 1882ರಲ್ಲಿ ಮಂದೆ ಮೈಸೂರು ಸರಕಾರದ ಕೈಸೇರಿತು. ತೋಪನ್ನು ಎತ್ತು ಎಳೆಯುವ ಕಾಲ ಮುಗಿದು ಎಷ್ಟೋ ಆಯಿತು. ಉಳುಮೆಗೆ ಟ್ರ್ಯಾಕ್ಟರು ಬಂತು. ಒಂದು ಕಾಲಕ್ಕೆ ಲಕ್ಷಾಂತರ ಎಕರೆಯಿದ್ದ ಕಾವಲುಗಳು ಒತ್ತುವರಿಗೂ ಬೇರೆ ಬೇರೆ ಉಪಯೋಗಗಳಿಗೂ ಸಂದು ಕರಗುತ್ತ ಬಂದಿವೆ. ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು.

ಹಾಗಾದರೆ ಯಾರಿಗೂ ಬೇಡವಾದ ಈ ಬೆಂಕಿಯನ್ನು ಏನು ಮಾಡಬೇಕು? ರಾಕ್‌ಹ್ಯಾಂಪ್ಟನ್ನಿನ ಉಪಾಯದಿಂದ ಸಾಧು ಹೋರಿಗಳನ್ನೇ ಆರಿಸುತ್ತ ಹೋದರೆ ನಾಲ್ಕಾರು ತಲೆಮಾರುಗಳಲ್ಲಿ ಅಮೃತಮಹಲ್ ಸೌಮ್ಯವಾದೀತು. ಆದರೆ ಬಿಸಿಲಿನಲ್ಲಿ ದಣಿಯದ ಮೈ, ಬರದಲ್ಲಿ ಒಣಹುಲ್ಲು ತಿಂದು ಬದುಕುವ ಹೊಟ್ಟೆ, ಗಾಳಿಗಿಂತ ಮುಂದೆ ಹೆಜ್ಜೆಯಿಡುವ ಕಾಲು, ಇವುಗಳ ಜೊತೆ ಆ ಚುರುಕು ಎಷ್ಟು ಹೆಣೆದುಕೊಂಡಿದೆಯೋ ಯಾರು ಬಲ್ಲರು? ಮೂರು ನೂರು ವರ್ಷ ಕಷ್ಟಪಟ್ಟು ಕೂಡಿಸಿದ ಗುಣವನ್ನು, 1860ರ ಗವರ್ನರನಂತೆ, ಒಂದು ಸಹಿಯಿಂದ ಕಳೆಯಲು ಬಂದೀತು. ಮರಳಿ ಕೊಳ್ಳಲು ಈಜಿಪ್ಟಿನಲ್ಲಿಯೂ ಅದು ಸಿಗಲಾರದು.

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಈ ತಳಿಯನ್ನು ಸರಕಾರ ಇಂದಿಗೂ ಕಾಪಾಡಿಕೊಂಡು ಬಂದಿದೆ. ಅಲ್ಲಿ ಗಂಡುಕರುಗಳ ಹರಾಜು ನಡೆಯುತ್ತದೆ. ದೂರದೂರದ ಜಿಲ್ಲೆಗಳಿಂದ ರೈತರು ಹಗ್ಗ ಹಿಡಿದು ಬರುತ್ತಾರೆ. ದೊಡ್ಡಿಯೊಳಗೆ ಬೂದುಬಣ್ಣದ, ಈಟಿಯಂಥ ಕೋಡಿನ ಕರುಗಳು ಜನರ ಸದ್ದಿಗೆ ಒಂದರ ಮೇಲೊಂದು ಬಿದ್ದು ಸುತ್ತುತ್ತಿರುತ್ತವೆ. ಇಲ್ಲಿ ಸಾಧುವೇ ಎಂದು ಕೇಳುವವರಿಲ್ಲ. ಬೇಲಿಗೆ ಒರಗಿ ನಿಂತವರ ಕಣ್ಣು ಹುಡುಕುವುದು ಎಲ್ಲಕ್ಕಿಂತ ಮುಂದೆ ಓಡುವ, ತಲೆಯೆತ್ತಿ ದುರುಗುಟ್ಟಿ ನೋಡುವ ಜೋಡಿಯನ್ನು. ಬೆಲೆ ಏರುವುದೂ ಅದಕ್ಕೇ. ಕೂಗು ಮುಗಿದ ಮೇಲೆ ನಿಜವಾದ ಕೆಲಸ. ನಾಲ್ಕೈದು ಆಳು ಹಗ್ಗ ಹಿಡಿದು, ಬಿದ್ದು ಎದ್ದು, ಕರುವನ್ನು ಲಾರಿಗೆ ಏರಿಸುತ್ತಾರೆ. ಊರಿಗೆ ಹೋದ ಮೇಲೆ ಅದಕ್ಕೊಂದು ಹೆಸರು ಇಡಬೇಕು, ಬೆನ್ನು ಸವರಬೇಕು, ಹಿಂಡಿ ತಿನ್ನಿಸಬೇಕು, ಮನೆಯ ಹಳೆಯ ಎತ್ತಿನ ಪಕ್ಕದಲ್ಲಿ ಕಟ್ಟಿ ಕಾಯಬೇಕು.